ಅಕ್ಕನ ಹೆಸರಿನಲ್ಲಿ ಒಳಗಿದ್ದವಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಬಾಗಿಲಕ್ಕ ಎನ್ನುತ್ತಿದ್ದರು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಉದ್ದನೆಯ ಒಂದೇ ಕೋಣೆಯಲ್ಲಿ ಕೆಲವೇ ಜನ ಕೂತು ಒಂದು ದೊಡ್ಡ ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಆಫೀಸು ಅದು. ರೋಗಿಗಳು ಮನೆಯಲ್ಲೇ ಕೂತು ರಕ್ತಪರೀಕ್ಷೆಯ ವರದಿ ನೋಡಬಹುದು, ಡಾಕ್ಟರನ್ನು ಕಾಣುವ ಹೊತ್ತು ಗೊತ್ತುಮಾಡಿಕೊಳ್ಳಬಹುದು, ‘ಇವತ್ತು ಹೇಗಿದ್ದೀರಿ’ ಎಂಬ ಪುಟದಲ್ಲಿ ತಮ್ಮ ಮೈಯ ಸಮಾಚಾರ ನಾಲ್ಕು ಸಾಲು ಬರೆಯಬಹುದು. ಬಣ್ಣ, ಚಿತ್ರ, ಅಕ್ಷರದ ಅಂದಚಂದವೆಲ್ಲ ಬೇರೆಯವರ ಪಾಲು. ಯಾರನ್ನು ಒಳಗೆ ಬಿಡಬೇಕು, ಎಷ್ಟು ಹೊತ್ತು ಇರಗೊಡಬೇಕು, ಯಾವಾಗ ಹೊರಗೆ ಕಳಿಸಬೇಕು ಎನ್ನುವುದು ಅವಳ ಪಾಲು.

ಅದೇನು ಕೆಲಸ ಎಂದು ಯಾರಾದರೂ ಕೇಳಿದರೆ ಅವಳು ರೈಲು ನಿಲ್ದಾಣದ ಲಗೇಜು ಕೋಣೆಯಿಂದ ಶುರುಮಾಡುತ್ತಿದ್ದಳು. ಅಲ್ಲಿ ಪೆಟ್ಟಿಗೆ ಒಪ್ಪಿಸಿದರೆ ಒಂದು ಬಿಲ್ಲೆ ಕೊಡುತ್ತಾರೆ. ಹಾಗೆಯೇ ನಾವು ಹೆಸರು, ಪಾಸ್‌ವರ್ಡ್ ಒತ್ತಿ ಒಳಗೆ ಹೋದಾಗ ಸರ್ವರ್ ನಮ್ಮ ಫೋನಿಗೋ ಕಂಪ್ಯೂಟರಿಗೋ ಸದ್ದಿಲ್ಲದೆ ಒಂದು ಬಿಲ್ಲೆ ಕೊಟ್ಟಿರುತ್ತದೆ. ಅದು ಇರುವಷ್ಟು ಹೊತ್ತು ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಆ ಅವಧಿಗೇ ಸೆಷನ್ ಎನ್ನುವುದು.

“ಸರ್ವರಿಗೆ ಕಣ್ಣಿಲ್ಲ,” ಎನ್ನುತ್ತಿದ್ದಳು. “ಮುಖ ನೋಡಲ್ಲ, ಬಿಲ್ಲೆ ನೋಡತ್ತೆ. ಬಿಲ್ಲೆ ಯಾರ ಕೈಲಿದೆಯೋ ಅವರೇ ಯಜಮಾನರು.”

ಮನೆಯಲ್ಲೂ ಅದೇ ಗೀಳು. ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದಳು. ಅವಳ ಗಂಡ ಒಂದು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು, ತಾಳ್ಮೆಯ ಮನುಷ್ಯ. “ಬೀಗಕ್ಕೆ ಬಾಯಿದ್ದಿದ್ರೆ ಇಷ್ಟೊತ್ತಿಗೆ ನಿನ್ ಮೇಲೆ ದೂರು ಕೊಡ್ತಿತ್ತು,” ಎಂದು ಕೆಳಗಿನಿಂದಲೇ ಹೇಳಿ ನಗುತ್ತಿದ್ದ.

ಅವಳಿಗೆ ಒಬ್ಬಳು ಅಕ್ಕ ಇದ್ದಳು. ಮೂತ್ರಪಿಂಡ ಕೈಕೊಟ್ಟು ಬಹಳ ಕಾಲ ನರಳಿ, ಹಿಂದಿನ ವರ್ಷ ಅದೇ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹುಟ್ಟಿದಾಗಿನಿಂದ ಅಕ್ಕನನ್ನು ಮನೆಯವರು ಕರೆದದ್ದು ಗೊಂಬೆ ಎಂದು. ಸದಾ ಏನಾದರೊಂದನ್ನು ಹೊತ್ತುಕೊಂಡು ಮನೆ ತುಂಬ ಓಡಾಡುತ್ತಿದ್ದ ತಂಗಿಗೆ ಇರುವೆ ಎಂದು ಹೆಸರಿಟ್ಟವಳು ಅಕ್ಕನೇ. ಹಾಗೆ ಕರೆಯುತ್ತಿದ್ದವಳೂ ಅವಳೊಬ್ಬಳೇ. ಅಕ್ಕ ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಆ ವರ್ಷ ಆಸ್ಪತ್ರೆಯವರು ಸೆಷನ್‌ಗಳನ್ನೆಲ್ಲ ಹಳೆಯ ಸರ್ವರಿನಿಂದ ಹೊಸ ಜಾಗಕ್ಕೆ ಸಾಗಿಸಲು ಹೇಳಿದ್ದರು. ಹಳೆಯದರಲ್ಲಿ ಅವು ಬಿಡಿಬಿಡಿ ಕಡತಗಳಾಗಿ ಬಿದ್ದಿದ್ದವು. ಒಳಗೆ ಕಾಲಿಟ್ಟವರು ಯಾರು ಬೇಕಾದರೂ ತೆರೆದು ಓದಬಹುದಿತ್ತು. ಹೊಸ ಜಾಗದಲ್ಲಿ ಎಲ್ಲವೂ ಗುಪ್ತ ಲಿಪಿಯಲ್ಲಿರಬೇಕು, ಪ್ರತಿಯೊಂದಕ್ಕೂ ಆಯುಸ್ಸು ಗೊತ್ತಾಗಿರಬೇಕು. ಮನೆ ಬದಲಿಸುವ ಮುಂಚೆ ಕಸ ಗುಡಿಸುವ ಹಾಗೆ, ಬಾಗಿಲಕ್ಕ ಮೊದಲು ಸತ್ತ ಸೆಷನ್‌ಗಳನ್ನು ಅಳಿಸಿ, ಉಸಿರಾಡುತ್ತಿರುವವನ್ನು ಬೇರ್ಪಡಿಸಲು ಕೂತಳು.

ಹೆಚ್ಚಿನವು ಅಂದು ಬೆಳಿಗ್ಗೆಯವು, ಹಿಂದಿನ ದಿನದವು. ಒಂದು ಮಾತ್ರ ವರ್ಷಕ್ಕೂ ಹಳೆಯದು. ಯಾವುದೋ ಕೆಟ್ಟ ಕಡತವಿರಬೇಕು ಎಂದುಕೊಂಡು ಅದರ ಮುಂದಿದ್ದ ರೋಗಿಯ ಸಂಖ್ಯೆಯನ್ನು ನೋಡಿದಳು. ನೋಡಿದವಳು ಮೌಸಿನಿಂದ ಕೈ ತೆಗೆದಳು. ಆ ಸಂಖ್ಯೆಯನ್ನು ಔಷಧಿ ಕಿಟಕಿಯಲ್ಲಿ, ರಕ್ತ ಕೊಡುವ ಕಡೆ, ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಅವಳೇ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅದು ಅಕ್ಕನದು.

ಹಳೆಯ ಸರ್ವರಿನ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಒಳಗೆ ಬಂದವರು ಪುಟ ಮುಟ್ಟಿದಾಗಲೆಲ್ಲ ಸೆಷನ್ನಿನ ಆಯುಸ್ಸು ಇನ್ನೂ ಒಂದೆರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಯಾರೂ ಮುಟ್ಟದಿದ್ದರೆ ಅದು ತಾನಾಗಿಯೇ ಸಾಯುತ್ತದೆ. ಅಂದರೆ ಅಕ್ಕ ಸತ್ತ ಮೇಲೂ ಯಾರೋ ಅದನ್ನು ಮುಟ್ಟುತ್ತ ಬಂದಿದ್ದಾರೆ. ಕಡೆಯ ಸಲ ಯಾವಾಗ ಎಂದು ನೋಡಿದಳು. ಅದೇ ದಿನ ಬೆಳಿಗ್ಗೆ, ಅವಳು ಬಸ್ಸಿನಲ್ಲಿದ್ದಾಗ.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಪಕ್ಕದವನು ಕಿತ್ತಳೆ ಸುಲಿಯುತ್ತಿದ್ದ, ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿಗೆ ಹಾರ್ನ್ ಹೊಡೆಯುತ್ತಿದ್ದರು. ಬಾಗಿಲಕ್ಕ ತಾರೀಕನ್ನು ಇನ್ನೊಮ್ಮೆ ನೋಡಿದಳು.

ಯಂತ್ರವೇ ತನ್ನಷ್ಟಕ್ಕೆ ಪುಟವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡಳು. ಆದರೆ ಯಂತ್ರವಾದರೆ ಗಡಿಯಾರದಂತೆ ಮುಟ್ಟಬೇಕು. ಇದು ಒಂದು ದಿನ ಬೇಗ, ಒಂದು ದಿನ ತಡ. ಒಮ್ಮೊಮ್ಮೆ ಒಂದೇ ಪುಟದಲ್ಲಿ ಬಹಳ ಹೊತ್ತು ನಿಂತಿದೆ. ಕೆಲವು ದಿನ ಬಂದೇ ಇಲ್ಲ, ಮೈ ಸರಿಯಿಲ್ಲದವರು ಮಲಗಿಬಿಟ್ಟ ಹಾಗೆ. ಮತ್ತು ಹೆಚ್ಚುಕಮ್ಮಿ ಬಂದಾಗಲೆಲ್ಲ ‘ಇವತ್ತು ಹೇಗಿದ್ದೀರಿ’ ಪುಟದಲ್ಲಿ ಏನೋ ಬರೆಯಲಾಗಿದೆ.

ರೋಗಿಗಳು ಬರೆದದ್ದನ್ನು ಓದುವ ಹಕ್ಕು ಅವಳಿಗಿರಲಿಲ್ಲ. ಎದ್ದುಹೋಗಿ ಆಫೀಸಿನ ಯಜಮಾನನಿಗೆ ವಿಷಯ ತಿಳಿಸಿದಳು. ಅವನು ಅವಳಿಗಿಂತ ಚಿಕ್ಕವನು, ಮಾತು ಚುಟುಕು.

“ಯಾರೋ ಬಿಲ್ಲೆ ಎಗರಿಸಿದಾರೆ. ಸೆಷನ್ ಕತ್ತರಿಸಿ ಬಿಡಿ ಬಾಗಿಲಕ್ಕ, ಇದಕ್ಕೆ ಯೋಚನೆ ಯಾಕೆ?”

“ಕತ್ತರಿಸಿದ್ರೆ ಯಾರು ಅಂತ ಗೊತ್ತೇ ಆಗಲ್ಲ ಸರ್.”

ಅವನು ಅವಳ ಮುಖ ನೋಡಿದ. “ಯಾರ ಹೆಸರಲ್ಲಿದೆ ಅದು?”

“ನಮ್ಮಕ್ಕಂದು.”

ಯಜಮಾನ ಪೆನ್ನಿನ ಮುಚ್ಚಳ ಹಾಕಿಟ್ಟ. ಆಮೇಲೆ ಆಸ್ಪತ್ರೆಯ ಅಧಿಕಾರಿಗೆ ಫೋನು ಮಾಡಿ, ತನಿಖೆಗೆಂದು ಆ ಒಂದು ಪುಟ ತೆರೆಯಲು ಒಪ್ಪಿಗೆ ಪಡೆದ. ಇಬ್ಬರೂ ಒಟ್ಟಿಗೆ ಓದಿದರು.

ಅಕ್ಕ ಬದುಕಿದ್ದಾಗ ಬರೆದ ಸಾಲುಗಳು ಮೇಲೆ ಇದ್ದವು. ‘ಕಾಲು ಊದಿದೆ. ಇರುವೆ ಬಂದಿದ್ದಳು, ಹರಟೆ ಹೊಡೆದು ಹೋದಳು.’ ‘ಇರುವೆಗೆ ಬೈದೆ, ಆಮೇಲೆ ಬೇಜಾರಾಯ್ತು.’ ಅಕ್ಕ ತೀರಿಕೊಂಡ ನಂತರ ಕೆಲವು ವಾರ ಪುಟ ಖಾಲಿ. ಆಮೇಲೆ ಹೊಸ ಬರಹ. ಮೊದಮೊದಲು ಮಕ್ಕಳು ಅಕ್ಷರ ಕಲಿಯುವಂತೆ ಒಂದೊಂದೇ ಪದ: ‘ಕಿಟಕಿ.’ ‘ಬಿಸಿಲು.’ ‘ನಿದ್ದೆ ಇಲ್ಲ.’ ಬರುಬರುತ್ತ ಸಾಲು ಉದ್ದವಾಗಿತ್ತು. ಅಕ್ಕನ ಧಾಟಿಯೇ ಬಂದಿತ್ತು. ‘ಕಾಲು ಇವತ್ತು ಪರವಾಗಿಲ್ಲ.’ ‘ಇರುವೆ ಬರಲಿಲ್ಲ.’ ‘ಇರುವೆ ಬೈದಿದ್ದಕ್ಕೆ ಸಿಟ್ಟಾಗಿದ್ದಾಳೋ ಏನೋ.’ ‘ದಿನಾ ಬಾಗಿಲ ಕಡೆ ನೋಡ್ತೀನಿ.’

ಯಜಮಾನ ಕುರ್ಚಿ ಹಿಂದಕ್ಕೆ ಸರಿಸಿದ. “ಇರುವೆ ಅಂದ್ರೆ ಯಾರು?”

ಬಾಗಿಲಕ್ಕ ತನ್ನ ಎದೆಯ ಕಡೆ ಬೆರಳು ತೋರಿಸಿದಳು.

ಈಚಿನ ಸಾಲುಗಳು ಬೇರೆ ಥರ ಇದ್ದವು. ‘ಎದೆ ಮೇಲೆ ಯಾರೋ ಕೂತ ಹಾಗೆ.’ ‘ಎಡಗೈ ಭಾರ. ಡಾಕ್ಟರ್ ಓದಿ ಬರಬಹುದು.’ ‘ಇನ್ನೂ ಬರಲಿಲ್ಲ.’ ಹೇಗೆ ಬಂದಾರು? ರೋಗಿ ತೀರಿಕೊಂಡರೆಂದು ಆಸ್ಪತ್ರೆ ಬರೆದುಕೊಂಡ ಮೇಲೆ ಆ ಪುಟ ಯಾವ ಡಾಕ್ಟರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಾವಿನ ಸುದ್ದಿ ಎಲ್ಲ ವಿಭಾಗಗಳಿಗೂ ಮುಟ್ಟಿತ್ತು, ಬಾಗಿಲಿಗೆ ಮಾತ್ರ ಮುಟ್ಟಿರಲಿಲ್ಲ.

ಅಕ್ಕನಿಗೆ ಎದೆನೋವು ಎಂದೂ ಇರಲಿಲ್ಲ. ಆ ಒಂದು ಯೋಚನೆ ಬಾಗಿಲಕ್ಕನನ್ನು ನೆಲಕ್ಕೆ ತಂದಿತು. ಬರೆಯುತ್ತಿರುವುದು ಯಾರೇ ಆಗಲಿ, ಅವರಿಗೆ ಮೈಯೊಂದಿದೆ, ಆ ಮೈಗೆ ನೋವಿದೆ.

ಬಿಲ್ಲೆ ಎಲ್ಲಿಂದ ಬರುತ್ತಿದೆಯೆಂದು ಹುಡುಕಿದಾಗ ದೂರವೇನೂ ಹೋಗಬೇಕಾಗಲಿಲ್ಲ. ಆಸ್ಪತ್ರೆಯದೇ ಒಂದು ಆರೈಕೆ ಮನೆ, ಸೇತುವೆಯಾಚೆ, ಮರ ಮಾರುವ ಅಡ್ಡೆಗಳ ಸಾಲಿನ ಕೊನೆಯಲ್ಲಿ. ನೋಡಿಕೊಳ್ಳುವವರಿಲ್ಲದ, ನೆನಪು ಕೆಟ್ಟ ರೋಗಿಗಳನ್ನು ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಕ್ಕ ಆಸ್ಪತ್ರೆಯ ಪುಟ ತೆರೆಯುತ್ತಿದ್ದದ್ದು ತನ್ನ ಟ್ಯಾಬಿನಲ್ಲಿ. ಬಾಗಿಲಕ್ಕ ಅಕ್ಕನ ಗಂಡನಿಗೆ ಫೋನು ಮಾಡಿದಳು.

“ಭಾವ, ಅಕ್ಕನ ಟ್ಯಾಬ್ ಎಲ್ಲಿದೆ?”

“ಅವಳ ಬಟ್ಟೆಬರೆ ಜೊತೆ ಆರೈಕೆ ಮನೆಗೆ ಕೊಟ್ಟುಬಿಟ್ಟೆ. ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ. ಯಾಕಮ್ಮ?”

“ಒಳಗಿರೋದನ್ನ ಅಳಿಸಿ ಕೊಟ್ರಾ?”

“ಅಳಿಸೋಣ ಅಂತ ತೆಗೆದೆ. ‘ನಮಸ್ಕಾರ ಗೊಂಬೆ’ ಅಂತ ಬಂತು. ಕೈ ಬರಲಿಲ್ಲ. ಹಾಗೇ ಮುಚ್ಚಿ ಕೊಟ್ಟೆ.”

ವೆಬ್‌ಸೈಟಿನಲ್ಲಿ ಪ್ರತಿಯೊಬ್ಬರನ್ನೂ ಅವರು ಇಷ್ಟಪಟ್ಟ ಹೆಸರಿನಿಂದ ಸ್ವಾಗತಿಸುವ ಏರ್ಪಾಡಿತ್ತು. ರೋಗಿಗಳಿಗೆ ಹಿತವಾಗಲಿ ಎಂದು ಆ ಸಾಲು ಸೇರಿಸಿದವಳು ಬಾಗಿಲಕ್ಕನೇ.

ಮಾರನೆಯ ದಿನ ಹೋಗೋಣ ಎಂದ ಯಜಮಾನ. ಅವಳು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಸೇತುವೆ ದಾಟಿದಳು.

ಆರೈಕೆ ಮನೆಯ ಮೊಗಸಾಲೆಗೆ ಆಗಷ್ಟೇ ಫಿನೈಲ್ ಹಾಕಿ ಒರೆಸಿದ್ದರು. ಗೋಡೆಗೆ ಉದ್ದಕ್ಕೂ ಹಿಡಿದುಕೊಳ್ಳುವ ಕಂಬಿ. ಎಲ್ಲಿಂದಲೋ ರೇಡಿಯೊ ಸಣ್ಣಗೆ ಕೇಳುತ್ತಿತ್ತು. ನರ್ಸು ಐವತ್ತು ದಾಟಿದ ಗಟ್ಟಿ ಹೆಂಗಸು. ಆಸ್ಪತ್ರೆಯ ಚೀಟಿ ನೋಡಿ, ಬಾಗಿಲಕ್ಕನ ಮಾತನ್ನೆಲ್ಲ ಕೇಳಿಸಿಕೊಂಡು ಹಣೆ ಉಜ್ಜಿಕೊಂಡಳು.

“ಹಾಗಾದ್ರೆ ಅದು ನಮ್ ಹೊಲಿಗೆಯಮ್ಮನೇ ಇರಬೇಕು. ಮೊದಲು ದರ್ಜಿ ಅಂಗಡಿ ಇಟ್ಕೊಂಡಿದ್ರಂತೆ. ಬಂದಾಗ ತನ್ನ ಹೆಸರೂ ಗೊತ್ತಿರಲಿಲ್ಲ ಪಾಪ, ಕೂತಲ್ಲೇ ಕೂತಿರೋರು. ಟ್ಯಾಬ್ ಕೊಟ್ಮೇಲೆ ಎಷ್ಟೋ ಚುರುಕಾದ್ರು. ಆದ್ರೆ ಒಂದು. ಅವರ ಹೆಸರು ಹಿಡಿದು ಕರೆದ್ರೆ ತಿರುಗಿಯೂ ನೋಡಲ್ಲ. ಗೊಂಬೆ ಅನ್ನಿ ಅಂತಾರೆ. ವಯಸ್ಸಾದವರ ಆಸೆ, ಇರಲಿ ಅಂತ ನಾವೂ ಹಾಗೇ ಅಂತೀವಿ.”

“ಎದೆನೋವು ಅಂತ ಏನಾದ್ರೂ ಹೇಳಿದಾರಾ?”

“ಇಲ್ವಲ್ಲ. ಏನ್ ಕೇಳಿದ್ರೂ, ಬರೆದಿದೀನಿ, ಡಾಕ್ಟರ್ ಓದ್ತಾರೆ ಅಂತಾರೆ.”

ಕೊನೆಯ ಕೋಣೆಯಲ್ಲಿ ಕಿಟಕಿಯ ಬಳಿ ಒಬ್ಬ ಹೆಂಗಸು ಬಾಗಿಲಿಗೆ ಬೆನ್ನುಮಾಡಿ ಕೂತಿದ್ದಳು. ಮೈಮೇಲಿದ್ದದ್ದು ಅಕ್ಕನ ನೀಲಿ ಸ್ವೆಟರು. ಒಂದು ಕಾಲನ್ನು ಕುರ್ಚಿಯ ಕೆಳಗೆ ಮಡಿಸಿ, ಇನ್ನೊಂದನ್ನು ನೀಡಿಕೊಂಡು ಕೂತ ರೀತಿ ಅಕ್ಕನದೇ. ಬಾಗಿಲಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೆಜ್ಜೆಯ ಸದ್ದು ನಿಂತದ್ದು ಕೇಳಿಸಿತೋ ಏನೋ, ಹೆಂಗಸು ನಿಧಾನವಾಗಿ ತಿರುಗಿದಳು. ಗುರುತಿಲ್ಲದ ಮುಖ. ಅಗಲ ಹಣೆ, ಒಳಗೆ ಹೋದ ಕೆನ್ನೆ.

“ಬಂದ್ಯಾ ಇರುವೆ,” ಎಂದಳು. “ಎಷ್ಟು ದಿನ ಆಯ್ತು.”

ಬಾಗಿಲಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟರಲ್ಲಿ ಹೆಂಗಸಿನ ಮಡಿಲಲ್ಲಿದ್ದ ಟ್ಯಾಬಿನ ಮೇಲೆ ಕಣ್ಣುಹೋಯಿತು. ಅದರ ಪರದೆಯ ಮೇಲೆ ಅಕ್ಕ ತಂಗಿ ಇಬ್ಬರೂ ಸೇರಿ ತೆಗೆಸಿಕೊಂಡ ಚಿತ್ರವಿತ್ತು. ದಿನಾ ನೋಡುವ ಮುಖವನ್ನು ಗುರುತು ಹಿಡಿದಿದ್ದಾಳೆ, ಹೆಸರನ್ನು ಅಕ್ಕನ ಸಾಲುಗಳಲ್ಲಿ ಓದಿದ್ದಾಳೆ, ಅಷ್ಟೇ. ಹೀಗೆಂದು ಸಮಾಧಾನ ತಂದುಕೊಂಡು ಹತ್ತಿರ ಹೋಗಿ ಮಂಚದ ತುದಿಯಲ್ಲಿ ಕೂತಳು.

“ನೀವು ಯಾರು ಅಂತ ನೆನಪಿದೆಯಾ?” ಎಂದು ಮೆಲ್ಲಗೆ ಕೇಳಿದಳು.

“ಇದೇನು ಹೊಸದಾಗಿ ನೀವು ಗೀವು?” ಹೆಂಗಸು ನಕ್ಕಳು. ಕೈ ಚಾಚಿ, ಬಾಗಿಲಕ್ಕನ ಎಡಹುಬ್ಬಿನಲ್ಲಿ ಕೂದಲು ಹುಟ್ಟದ ಒಂದು ಗೀರನ್ನು ಹೆಬ್ಬೆರಳಿನಿಂದ ಸವರಿದಳು. “ಇನ್ನೂ ಹಾಗೇ ಇದೆ. ನೀನಾಗೇ ಬಿದ್ದೆ ಅಂತ ಅಮ್ಮನ ಹತ್ರ ಹೇಳಿದ್ವಿ. ನಾನಲ್ವಾ ಅಟ್ಟದ ಏಣಿಯಿಂದ ತಳ್ಳಿದ್ದು.”

ಆ ಮಾತು ಇಡೀ ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬಳು ಇರಲಿಲ್ಲ. ಅಮ್ಮನಿಗೆ ಗೊತ್ತಾದರೆ ಅಕ್ಕನಿಗೆ ಪೆಟ್ಟು ಬೀಳುತ್ತದೆಂದು, ರಕ್ತ ಸುರಿಯುತ್ತಿದ್ದಾಗಲೇ ಇರುವೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ.

“ಇದನ್ನ ನಿಮಗೆ ಯಾರು ಹೇಳಿದ್ರು?”

“ಯಾರು ಹೇಳ್ಬೇಕು?” ಎಂದಳು ಹೆಂಗಸು. ಆಮೇಲೆ ಅವಳ ನಗು ಅರ್ಧಕ್ಕೇ ನಿಂತಿತು. ಬಲಗೈಯಿಂದ ಎಡತೋಳನ್ನು ಅಮುಕಿ ಹಿಡಿದಳು. ತುಟಿಯ ಮೇಲೆ ಬೆವರು ಒಡೆದಿತ್ತು.

ಬಾಗಿಲಕ್ಕ ಎದ್ದು ಮೊಗಸಾಲೆಗೆ ಓಡಿ ನರ್ಸನ್ನು ಕೂಗಿದಳು. ಡಾಕ್ಟರು ಬಂದರು, ಎದೆಗೆ ತಂತಿ ಅಂಟಿಸಿ ನೋಡಿದರು, ಯಂತ್ರದಿಂದ ಬಂದ ಕಾಗದದ ಪಟ್ಟಿಯನ್ನು ಎರಡು ಸಲ ಓದಿ ಆಂಬುಲೆನ್ಸ್ ತರಿಸಿದರು. ಹೃದಯದ ರಕ್ತನಾಳ ಕಟ್ಟುತ್ತ ಬಂದಿತ್ತು. ಅಂದು ಸಂಜೆಯೇ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿದರು. ಹೊಲಿಗೆಯಮ್ಮನ ಸೋದರಳಿಯ ದೂರದಲ್ಲಿದ್ದ, ಫೋನಿನಲ್ಲೇ ಒಪ್ಪಿಗೆ ಕೊಟ್ಟ. ಆರೈಕೆ ಮನೆಗೆ ಸೇರಿಸಿ ಹೋದ ಮೇಲೆ ಅವನು ಆ ಕಡೆ ತಲೆಹಾಕಿರಲಿಲ್ಲ.

ಬಾಗಿಲಕ್ಕ ಮರುದಿನ ಬೆಳಿಗ್ಗೆ ಆಫೀಸಿಗೆ ಬಂದು ಸೆಷನ್ ಕತ್ತರಿಸಿದಳು. ಅದು ಒಂದೇ ಸಾಲಿನ ಕೆಲಸ. ಅದಕ್ಕೆ ಮುಂಚೆ ಆಸ್ಪತ್ರೆಯವರ ಎದುರಲ್ಲೇ ಹೊಲಿಗೆಯಮ್ಮ ಬರೆದ ಸಾಲುಗಳನ್ನು ಹೊಲಿಗೆಯಮ್ಮನ ಪುಟಕ್ಕೆ ಸಾಗಿಸಿದಳು, ಅಕ್ಕನವನ್ನು ಅಕ್ಕನ ಹೆಸರಿನಲ್ಲೇ ಬಿಟ್ಟಳು. ಕೆಲವು ಸಾಲುಗಳ ಮುಂದೆ, ಇದು ಯಾರದ್ದು ಎಂದು ಹೇಳಲಾಗದೆ ತಾರೀಕು ನೋಡಬೇಕಾಯಿತು.

ಅವಳು ಕುರ್ಚಿಯಿಂದ ಏಳುವಷ್ಟರಲ್ಲೇ ಪರದೆಯ ಮೇಲೆ ಒಂದು ಸಾಲು ಮೂಡಿತು. ಅಕ್ಕನ ಬಿಲ್ಲೆ ಹಿಡಿದು ಯಾರೋ ಬಾಗಿಲು ತಟ್ಟಿದ್ದರು. ಸರ್ವರ್ ಇಲ್ಲ ಎಂದಿತು. ಕೊಂಚ ಹೊತ್ತಿಗೆ ಮತ್ತೆ ತಟ್ಟಿದರು, ಮತ್ತೆ ಇಲ್ಲ. ಹೊಲಿಗೆಯಮ್ಮ ತೀವ್ರ ನಿಗಾ ಕೋಣೆಯಲ್ಲಿ ಮಲಗಿದ್ದಳು. ಬಾಗಿಲಕ್ಕ ಆರೈಕೆ ಮನೆಗೆ ಫೋನು ಮಾಡಿದಳು. ಅವಳ ಧ್ವನಿ ಅವಳಿಗೇ ಬೇರೆಯವರದ್ದೆನಿಸಿತು.

“ಟ್ಯಾಬ್ ಯಾರ ಕೈಲಿದೆ?”

“ಯಾರ ಕೈಲೂ ಇಲ್ಲ,” ಎಂದಳು ನರ್ಸು. “ಚಾರ್ಜಿಗೆ ಹಾಕಿದೀನಿ. ಆ ಆಸ್ಪತ್ರೆ ಪುಟ ತೆರೆದೇ ಇದೆ, ತಾನೇ ಸುತ್ತುತ್ತಾ ಇದೆ. ಆರಿಸ್ಲಾ?”

“ಆರಿಸಿ,” ಎಂದಳು ಬಾಗಿಲಕ್ಕ. ತಟ್ಟುವುದು ನಿಂತಿತು.

ಆಮೇಲಿನ ವಾರಗಳಲ್ಲಿ ಅವಳು ಮೈಮುರಿದು ದುಡಿದಳು. ಹೊಸ ಜಾಗದಲ್ಲಿ ಎಷ್ಟೇ ಮುಟ್ಟಿದರೂ ಸೆಷನ್ನಿನ ಆಯುಸ್ಸು ಒಂದು ಮಿತಿ ದಾಟದಂತೆ ಮಾಡಿದಳು. ರೋಗಿ ತೀರಿಕೊಂಡ ಸುದ್ದಿ ಮೊದಲು ಬಾಗಿಲಿಗೇ ಬರುವಂತೆ ಮಾಡಿದಳು. ಎದೆನೋವಿನ ಮಾತು ಯಾವ ಪುಟದಲ್ಲಿ ಬಂದರೂ, ಸತ್ತವರ ಪುಟವೇ ಆಗಿರಲಿ, ಒಬ್ಬ ಡಾಕ್ಟರು ನೋಡಬೇಕು ಎಂದು ಆಸ್ಪತ್ರೆಯವರೊಂದಿಗೆ ಜಗಳ ಮಾಡಿ ಒಪ್ಪಿಸಿದಳು. ದಾನಕ್ಕೆ ಬಂದ ಯಂತ್ರಗಳನ್ನು ಒರೆಸಿ ಖಾಲಿಮಾಡದೆ ಯಾರ ಕೈಗೂ ಕೊಡಬಾರದೆಂದು ಆರೈಕೆ ಮನೆಯವರಿಗೆ ಹೇಳಿಕೊಟ್ಟಳು.

ಹುಬ್ಬಿನ ಮಾತು ಮಾತ್ರ ಬಿಡಲಿಲ್ಲ. ಒಂದು ಭಾನುವಾರ ಭಾವನ ಮನೆಗೆ ಹೋದಳು. ಎಲ್ಲ ಹೇಳಿ, ಅಕ್ಕ ಅಟ್ಟದ ಏಣಿಯ ವಿಷಯ ಎಂದಾದರೂ ಎತ್ತಿದ್ದಳೇ ಎಂದು ಕೇಳಿದಳು.

“ನೀನೇ ಬಿದ್ದಿದ್ದು ಅಂತ ಗೊತ್ತು,” ಎಂದ ಭಾವ. “ಬೇರೆ ಏನಾದ್ರೂ ಇತ್ತಾ?”

“ಏನಿಲ್ಲ.”

ಅಕ್ಕ ಬರೆದದ್ದನ್ನೆಲ್ಲ ಭಾವನ ಒಪ್ಪಿಗೆಯಿಂದ ಮೊದಲಿನಿಂದ ಕೊನೆಯವರೆಗೆ ಓದಿದಳು. ಟ್ಯಾಬಿನಲ್ಲಿದ್ದ ಚಿತ್ರ, ಧ್ವನಿ, ಅಳಿಸಿದ್ದು, ಉಳಿದಿದ್ದು ಎಲ್ಲ ಜಾಲಾಡಿದಳು. ಏಣಿ ಎಂಬ ಪದವೇ ಎಲ್ಲೂ ಇರಲಿಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಮಂಚದವರ ಹತ್ತಿರ ಅಕ್ಕ ಬಾಯಿಬಿಟ್ಟಿರಬಹುದು, ಅದು ಬಾಯಿಂದ ಬಾಯಿಗೆ ಆರೈಕೆ ಮನೆಯವರೆಗೆ ಬಂದಿರಬಹುದು ಎಂದು ಲೆಕ್ಕ ಹಾಕಿದಳು. ಆದರೆ ಹೊಲಿಗೆಯಮ್ಮ ಅಲ್ಲಿಗೆ ಬಂದ ಮೇಲೆ ನರ್ಸುಗಳನ್ನು ಬಿಟ್ಟು ಬೇರೆ ಯಾರೊಂದಿಗೂ ಮಾತಾಡಿದವಳಲ್ಲ ಎಂದು ನರ್ಸು ಆಣೆ ಮಾಡಿದಳು. ಇವತ್ತಿಗೂ ಬಾಗಿಲಕ್ಕನಿಗೆ ಅದರ ಜಾಡು ಸಿಕ್ಕಿಲ್ಲ.

“ಅವರು ನಿಮ್ಮಕ್ಕ ಅಲ್ಲ ಅಂತ ನಿನಗೆ ಖಾತ್ರಿಯಾ?” ಎಂದು ಗಂಡ ಒಂದು ದಿನ ಪಾತ್ರೆ ಒರೆಸುತ್ತ ಕೇಳಿದ. ತಮಾಷೆಗೆ ಕೇಳಿರಲಿಲ್ಲ.

“ಅಕ್ಕನ್ನ ನಾನೇ ಕಳಿಸಿ ಬಂದಿದೀನಿ ಕಣ್ರೀ,” ಎಂದಳು. ಅದಕ್ಕಿಂತ ಹೆಚ್ಚು ಏನು ಹೇಳಬೇಕೋ ತಿಳಿಯಲಿಲ್ಲ.

ಹೊಲಿಗೆಯಮ್ಮ ಚೇತರಿಸಿಕೊಂಡು ಆರೈಕೆ ಮನೆಗೆ ಮರಳಿದಳು. ಹೊಸ ಟ್ಯಾಬ್, ಸ್ವಂತ ಹೆಸರು. ಮೊದಲ ದಿನ ಪರದೆಯ ಮೇಲೆ ಬಂದ ಹೆಸರನ್ನು ನೋಡಿ, “ಇವರು ಯಾರು? ಅವರಿಗೆ ಕೊಟ್ಟುಬಿಡಿ,” ಎಂದು ನರ್ಸಿನ ಕೈಗೆ ವಾಪಸು ಕೊಟ್ಟಳಂತೆ. ಕೆಲವು ದಿನ ಕಿಟಕಿಯ ಬಳಿ ಮಾತಿಲ್ಲದೆ ಕೂತಳು. ಬಾಗಿಲಕ್ಕ ವಾರಕ್ಕೊಮ್ಮೆ ಹೋಗುತ್ತಿದ್ದಳು. ಮೊದಲ ಎರಡು ಸಲ ಹೊಲಿಗೆಯಮ್ಮ ‘ಇರುವೆ’ ಎಂದಳು. ಮೂರನೆಯ ಸಲ ಆ ಹೆಸರಿಗಾಗಿ ತಡಕಾಡಿದಳು. ಆಮೇಲೆ ಅದೂ ಇಲ್ಲ. ಎದುರು ಕೂತವಳನ್ನು ಪರಕೀಯರನ್ನು ನೋಡುವಂತೆ ನೋಡಿ, “ನೀವು ಯಾರ ಕಡೆಯವರಮ್ಮ?” ಎಂದು ಮರ್ಯಾದೆಯಿಂದ ಕೇಳಿದಳು. ಬಾಗಿಲಕ್ಕ ಹೊರಗೆ ಬಂದು, ಮರದ ಅಡ್ಡೆಯ ಪಕ್ಕದ ಕಲ್ಲಿನ ಮೇಲೆ ಕೂತು, ಅಕ್ಕ ಹೋದಾಗಲೂ ಅಳದಷ್ಟು ಅತ್ತಳು.

ಆದರೂ ಹೋಗುವುದನ್ನು ಬಿಡಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಹೊಲಿಗೆಯಮ್ಮನಿಗೆ ತನ್ನ ಅಂಗಡಿ ಚೂರುಚೂರಾಗಿ ನೆನಪಾಗತೊಡಗಿತು. ಎರಡು ಯಂತ್ರ, ಒಂದು ಕತ್ತರಿ, ಅದನ್ನು ಬೇರೆಯವರು ಮುಟ್ಟಿದರೆ ಬರುತ್ತಿದ್ದ ಸಿಟ್ಟು. ನರ್ಸು ಹೆಸರು ಹಿಡಿದು ಕರೆದರೆ, ಒಂದು ಗಳಿಗೆ ಬಿಟ್ಟಾದರೂ, ತಿರುಗಿ ನೋಡಲು ಶುರುಮಾಡಿದಳು. ಸೋದರಳಿಯ ಒಮ್ಮೆ ಬಂದು, ತಲೆ ತಗ್ಗಿಸಿ ಅರ್ಧ ದಿನ ಕೂತುಹೋದ. ತಿಂಗಳು ಬಿಟ್ಟು ಮತ್ತೆ ಬಂದ.

ಒಂದು ಮಧ್ಯಾಹ್ನ ಬಾಗಿಲಕ್ಕ ಹೊಸ ಅಂಗಿ ತೊಟ್ಟು ಹೋಗಿದ್ದಳು. ಹೊಲಿಗೆಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಮುಖ ಸಿಂಡರಿಸಿದಳು.

“ತೋಳು ಯಾರು ಕೂಡಿಸಿದ್ದು? ಹೊಲಿಗೆ ಎಳೀತಾ ಇದೆ ನೋಡಿ. ಕೈ ಎತ್ತಿ.”

ಬಾಗಿಲಕ್ಕ ಕೈ ಎತ್ತಿದಳು. ಕಂಕುಳಿನ ಬಳಿ ಬಟ್ಟೆ ನಿಜಕ್ಕೂ ಹಿಡಿದುಕೊಂಡಿತ್ತು.

“ಮುಂದಿನ ಸಲ ಬೇರೆ ಏನಾದ್ರೂ ಹಾಕ್ಕೊಂಡು ಬಂದು, ಇದನ್ನ ನನಗೆ ಬಿಟ್ಟು ಹೋಗಿ. ಬಿಚ್ಚಿ ಸರಿಮಾಡ್ತೀನಿ,” ಎಂದಳು ಹೊಲಿಗೆಯಮ್ಮ. ಬೆರಳ ಗೇಣಿನಲ್ಲಿ ಅವಳ ಭುಜ ಅಳೆದು, ಅಳತೆಯನ್ನು ಬಾಯಲ್ಲೇ ಹೇಳಿಕೊಂಡು, ಸೂಜಿ ದಾರ ಎಲ್ಲಿಟ್ಟಿದ್ದೀಯ ಎಂದು ನರ್ಸನ್ನು ಕೂಗಿ ಕೇಳಿದಳು.